ನಾಲ್ಕನೇ ದಿನದ ಸ್ಯಾಂಪಲ್

ದಾವಣಗೆರೆಯ ಒಂದು ಆಸ್ಪತ್ರೆಯ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ರಿಪೋರ್ಟ್ ಕೊಡುವ ಕಿಟಕಿಯಲ್ಲಿ ಆಗಾಗ ಒಂದು ಪ್ರಶ್ನೆ ಬರುತ್ತದೆ. "ಮೇಡಂ, ನಮ್ಮ ಅಪ್ಪಾರದು ಸಿಆರ್‌ಪಿ 212 ಬಂದೈತಿ. ಉಳೀತಾರೇನ್ರೀ?"

ಸಿಆರ್‌ಪಿ ಅಂದರೆ ಮೈಯಲ್ಲಿ ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್. ಆ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ನನಗಿಲ್ಲ. ಡಾಕ್ಟರನ್ನು ಕೇಳಿ ಅನ್ನುತ್ತೇನೆ. ಆದರೆ ಕೇಳಿದವರದು ದಡ್ಡ ಪ್ರಶ್ನೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ರಕ್ತದ ಅಂಕೆ ನೋಡಿ ಯಾರು ಚೇತರಿಸಿಕೊಳ್ಳುತ್ತಾರೆ, ಯಾರಿಗೆ ಕಷ್ಟ ಅಂತ ಮುಂಚೆಯೇ ತಿಳಿಯಬಹುದಾ ಎಂದು ದೊಡ್ಡ ದೊಡ್ಡ ಐಸಿಯುಗಳ ಡಾಕ್ಟರುಗಳೂ ವರ್ಷಗಟ್ಟಲೆ ಇದನ್ನೇ ಹುಡುಕಿದ್ದಾರೆ. ನಾನು ಓದಿ ತಿಳಿದದ್ದು, ಮೆಷಿನ್ ಮುಂದೆ ಕೂತು ನೋಡಿದ್ದು, ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ. ಎಲ್ಲ ಸೋಂಕಿನ ಬಗ್ಗೆ ಅಲ್ಲ. ಆಸ್ಪತ್ರೆಗೆ ಬಂದ ಮೇಲೆ ಅಂಟಿಕೊಳ್ಳುವ ನ್ಯೂಮೋನಿಯಾ ಬಗ್ಗೆ ಮಾತ್ರ.

ದಾಖಲಾಗಿ 48 ಗಂಟೆ ಕಳೆದ ಮೇಲೆ ಶುರುವಾದರೆ ಅದನ್ನು ಆಸ್ಪತ್ರೆಯಲ್ಲಿ ಬಂದ ನ್ಯೂಮೋನಿಯಾ ಅಂತ ಲೆಕ್ಕ ಹಿಡಿಯುತ್ತಾರೆ. ಬೇರೆ ಯಾವುದಕ್ಕೋ ಸೇರಿದವರಿಗೆ ಇದು ಬರುತ್ತದೆ. ಲಕ್ವ ಹೊಡೆದು ನುಂಗಲಾಗದವರು, ಆಪರೇಷನ್ ಆಗಿ ನೋವಿಗೆ ಜೋರಾಗಿ ಕೆಮ್ಮಲಾಗದವರು, ವೆಂಟಿಲೇಟರಿನಲ್ಲಿ ಇರುವವರು. ಮಲಗೇ ಇರುವವರ ಬಾಯಲ್ಲಿ ದಿನ ಕಳೆದಂತೆ ಆಸ್ಪತ್ರೆಯ ಕ್ರಿಮಿಗಳು ಮನೆ ಮಾಡುತ್ತವೆ. ಎಂಜಲು ಸ್ವಲ್ಪ ಸ್ವಲ್ಪವೇ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದಕ್ಕೇ ನರ್ಸ್‌ಗಳು ತಲೆಯ ಕಡೆ ಮಂಚ ಎತ್ತರಿಸಿ, ಹಲ್ಲು ಬಾಯಿ ಸ್ವಚ್ಛ ಮಾಡುತ್ತಾರೆ. ಆ ಕೆಲಸವನ್ನು ಯಾರೂ ಸಣ್ಣದು ಅಂದುಕೊಳ್ಳಬಾರದು. ನಮ್ಮ ದೇಶದ ಐಸಿಯುಗಳಲ್ಲಿ ಜಾಸ್ತಿ ಕಾಡುವುದು ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್, ಸುಡೊಮೊನಾಸ್ ಎಂಬ ಬ್ಯಾಕ್ಟೀರಿಯಾಗಳು. ಎಷ್ಟೋ ಸಲ ಇವು ಮಾಮೂಲಿ ಆಂಟಿಬಯೋಟಿಕ್‌ಗೆ ಬಗ್ಗುವುದಿಲ್ಲ. ಹಾಗಾಗಿ ಮೊದಲು ಕೊಟ್ಟ ಔಷಧಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಬೇಗ ಗೊತ್ತಾಗುವುದು ಇಲ್ಲಿ ಪ್ರಾಣದ ಪ್ರಶ್ನೆ.

212ರ ಕಥೆಗೆ ಬರುತ್ತೇನೆ. ಗುರುತು ಸಿಗಬಾರದು ಅಂತ ಒಂದಿಷ್ಟು ವಿವರ ಬದಲಾಯಿಸಿದ್ದೇನೆ. ಆ ಹಿರಿಯರು ಚನ್ನಗಿರಿ ಕಡೆಯವರು. ತೋಟದಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದು ಆಪರೇಷನ್ ಆಗಿತ್ತು. ಆಪರೇಷನ್ ಆದ ಎರಡನೇ ದಿನ ಅವರ ಸಿಆರ್‌ಪಿ 180 ಇತ್ತು. ಅದು ಸೋಂಕಲ್ಲ. ಮೂಳೆ ಕೊರೆದು ರಾಡ್ ಹಾಕಿದರೆ ಯಾರಿಗಾದರೂ ಸಿಆರ್‌ಪಿ ಏರುತ್ತದೆ. ಎರಡು ಮೂರನೇ ದಿನಕ್ಕೆ ತುದಿ ಮುಟ್ಟಿ ತಾನಾಗಿಯೇ ಇಳಿಯುತ್ತದೆ. ಇವರದ್ದೂ ಐದನೇ ದಿನ 74ಕ್ಕೆ ಇಳಿದಿತ್ತು. ಆರನೇ ದಿನ ಜ್ವರ, ಏದುಸಿರು. ಏಳನೇ ದಿನ ಬೆಳಗ್ಗೆ 212.

ಹೀಗೆ ನೋಡಿದಾಗ 212 ಬೇರೆಯೇ ಮಾತು ಹೇಳುತ್ತದೆ. ಅಂಕೆ ದೊಡ್ಡದು ಅನ್ನುವುದಕ್ಕಿಂತ, ಇಳಿಯುತ್ತಿದ್ದದ್ದು ಮತ್ತೆ ಏರಿತು ಅನ್ನುವುದೇ ಇಲ್ಲಿ ಮುಖ್ಯ. ಹರಿಹರದಲ್ಲಿ ಹೊಳೆ ಬಂದಾಗ ದಂಡೆಯ ಮೇಲಿನ ಮನೆಯವರು ನೀರು ಎಷ್ಟು ಅಡಿ ಇದೆ ಅಂತ ಕೇಳಿ ಸುಮ್ಮನಾಗುವುದಿಲ್ಲ. ಏರ್ತಾ ಇದೆಯಾ, ಇಳೀತಾ ಇದೆಯಾ ಅಂತ ಕೇಳುತ್ತಾರೆ. ರಕ್ತದ ಅಂಕೆಗೂ ಕೇಳಬೇಕಾದದ್ದು ಅದನ್ನೇ.

ಎಕ್ಸ್‌ರೇಯಲ್ಲಿ ಬಲಗಡೆ ಕೆಳಗೆ ಬಿಳಿ ಮಚ್ಚೆ ಕಂಡಿತು. ಯಾವ ಕ್ರಿಮಿ ಅಂತ ಬೆಳೆಸಿ ನೋಡಲು ಕಫ ಕಲ್ಚರ್‌ಗೆ ಹೋಯಿತು, ಆಂಟಿಬಯೋಟಿಕ್ ಶುರುವಾಯಿತು. ಅವತ್ತೇ ಪ್ರೊಕ್ಯಾಲ್ಸಿಟೋನಿನ್ ಕೂಡ ಕಳಿಸಿದ್ದರು, ಅದು ಬ್ಯಾಕ್ಟೀರಿಯಾ ಸೋಂಕಿನಲ್ಲಿ ಏರುವ ಇನ್ನೊಂದು ರಕ್ತದ ಅಂಶ. 4.6 ಬಂದಿತ್ತು. ಔಷಧಿ ಶುರುವಾದ ನಾಲ್ಕನೇ ದಿನ ಎರಡೂ ಮತ್ತೆ ಬಂದವು. ಸಿಆರ್‌ಪಿ 118, ಪ್ರೊಕ್ಯಾಲ್ಸಿಟೋನಿನ್ 0.7. ಆ ರಿಪೋರ್ಟ್ ವೆರಿಫೈ ಮಾಡುವಾಗ ನನಗೆ ಎಷ್ಟು ಖುಷಿಯಾಯಿತು ಅಂದರೆ, ಪಕ್ಕದ ಮೆಷಿನ್ ನೋಡುತ್ತಿದ್ದ ಸಹೋದ್ಯೋಗಿಯನ್ನು ಕರೆದು ತೋರಿಸಿದೆ. 118 ಅನ್ನುವುದು ನಾರ್ಮಲ್ ಅಲ್ಲವೇ ಅಲ್ಲ. ರಿಪೋರ್ಟಿನಲ್ಲಿ ದಪ್ಪ ಅಕ್ಷರದಲ್ಲಿ ಬಾಣದ ಗುರುತಿನ ಜೊತೆಗೇ ಪ್ರಿಂಟ್ ಆಗುತ್ತದೆ. ಮನೆಯವರು ಅದನ್ನು ನೋಡಿ ಇನ್ನೂ ಹೆದರಿದ್ದರು.

ಖುಷಿಪಡಲು ಕಾರಣ ಇತ್ತು. ಪೋರ್ಚುಗಲ್‌ನ ಪೆಡ್ರೊ ಪೊವೊವಾ ಮತ್ತು ಜೊತೆಗಾರರು 2005ರಲ್ಲಿ ಒಂದು ಸಣ್ಣ ಅಧ್ಯಯನ ಪ್ರಕಟಿಸಿದರು. ವೆಂಟಿಲೇಟರಿನಿಂದ ನ್ಯೂಮೋನಿಯಾ ಬಂದ 47 ರೋಗಿಗಳು. ದಿನವೂ ಸಿಆರ್‌ಪಿ ಅಳೆದು, ಅದನ್ನು ಮೊದಲ ದಿನದ ಅಂಕೆಯಿಂದ ಭಾಗಿಸಿದರು. ನಾಲ್ಕನೇ ದಿನದ ಹೊತ್ತಿಗೆ ಬದುಕಿ ಉಳಿದವರಲ್ಲಿ ಅದು ಸರಾಸರಿ 0.62ಕ್ಕೆ ಇಳಿದಿತ್ತು. ತೀರಿಕೊಂಡವರಲ್ಲಿ 0.98, ಅಂದರೆ ಹೆಚ್ಚುಕಮ್ಮಿ ಅಲ್ಲೇ ನಿಂತಿತ್ತು. 0.8ಕ್ಕಿಂತ ಮೇಲಿದ್ದರೆ ಎಚ್ಚರ ಅಂತ ಅವರು ಗೆರೆ ಎಳೆದರು. ನಮ್ಮ ಹಿರಿಯರದು 118ನ್ನು 212ರಿಂದ ಭಾಗಿಸಿದರೆ ಸುಮಾರು 0.56. ಬ್ರೆಜಿಲ್‌ನ ತಂಡವೊಂದು 2006ರಲ್ಲಿ ಇದೇ ಬಗೆಯ ರೋಗಿಗಳಲ್ಲಿ ಸಿಆರ್‌ಪಿ, ಪ್ರೊಕ್ಯಾಲ್ಸಿಟೋನಿನ್ ಎರಡನ್ನೂ ಮೊದಲ ದಿನ ಮತ್ತು ನಾಲ್ಕನೇ ದಿನ ನೋಡಿತು. ಅಲ್ಲೂ ಅಂಕೆ ಇಳಿದವರೇ ಉಳಿದವರಲ್ಲಿ ಜಾಸ್ತಿ ಇದ್ದರು.

ಸಿಆರ್‌ಪಿ ಹುಟ್ಟಿದ್ದೇ ನ್ಯೂಮೋನಿಯಾ ವಾರ್ಡಿನಲ್ಲಿ ಅಂತ ಬಹಳ ಜನಕ್ಕೆ ಗೊತ್ತಿಲ್ಲ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್, ಥಾಮಸ್ ಫ್ರಾನ್ಸಿಸ್ ಎಂಬ ಇಬ್ಬರು ನ್ಯೂಮೋನಿಯಾ ರೋಗಿಗಳ ರಕ್ತದ ಮೇಲೆ ಕೆಲಸ ಮಾಡುತ್ತಿದ್ದರು. ನ್ಯೂಮೊಕಾಕಸ್ ಬ್ಯಾಕ್ಟೀರಿಯಾದಿಂದ ಬೇರ್ಪಡಿಸಿದ 'ಸಿ' ಎಂಬ ಸಕ್ಕರೆ ಅಂಶವನ್ನು ರೋಗಿಯ ಸೀರಂಗೆ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವಕ್ಕೆ, ಸೇರಿಸಿದರೆ ಮಡ್ಡಿ ಕಟ್ಟುತ್ತಿತ್ತು. ರೋಗ ಜೋರಾಗಿದ್ದಾಗ ಮಡ್ಡಿ. ರೋಗಿ ಗುಣವಾದ ಮೇಲೆ ಮಡ್ಡಿ ಇಲ್ಲ. ಆ ಮಡ್ಡಿ ಕಟ್ಟಿಸುತ್ತಿದ್ದ ಪ್ರೋಟೀನೇ ಇವತ್ತು ನಾವು ದಿನಾ ಅಳೆಯುವ ಸಿ-ರಿಯಾಕ್ಟಿವ್ ಪ್ರೋಟೀನ್. ಗಮನಿಸಿ, ಮೊದಲ ದಿನದಿಂದಲೂ ಇದರ ಗುಣವೇ ಬರುವುದು ಮತ್ತು ಹೋಗುವುದು. ಲಿವರ್ ಇದನ್ನು ತಯಾರಿಸುತ್ತದೆ. ಉರಿಯೂತ ನಿಂತರೆ ತಯಾರಿಕೆಯೂ ನಿಲ್ಲುತ್ತದೆ. ರಕ್ತದಲ್ಲಿ ಉಳಿದದ್ದು ಸುಮಾರು 19 ಗಂಟೆಗೆ ಅರ್ಧ ಆಗುತ್ತದೆ. ಹಾಗಾಗಿ ಅಂಕೆ ಇಳಿಯದೆ ನಿಂತಿದೆ ಅಂದರೆ ಒಳಗೆ ಬೆಂಕಿ ಆರಿಲ್ಲ, ಲಿವರ್ ಇನ್ನೂ ತಯಾರಿಸುತ್ತಲೇ ಇದೆ ಅಂತ ಅರ್ಥ.

ಪ್ರೊಕ್ಯಾಲ್ಸಿಟೋನಿನ್‌ದು ಬೇರೆ ದಾರಿ. ಆರೋಗ್ಯವಾಗಿರುವವರಲ್ಲಿ ಇದು ಥೈರಾಯ್ಡ್ ಗ್ರಂಥಿಯಲ್ಲಿ ಕ್ಯಾಲ್ಸಿಟೋನಿನ್ ಆಗುವ ಮುಂಚಿನ ಕಚ್ಚಾ ರೂಪ. ರಕ್ತದಲ್ಲಿ ಸಿಗುವುದು ತೀರಾ ಕಡಿಮೆ, ಮಿಲಿಲೀಟರಿಗೆ 0.1 ನ್ಯಾನೋಗ್ರಾಂಗಿಂತ ಕೆಳಗೆ. 1993ರಲ್ಲಿ ಫ್ರಾನ್ಸಿನ ತಂಡವೊಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆಯಿತು: ಬ್ಯಾಕ್ಟೀರಿಯಾ ಸೋಂಕು ಜೋರಾದಾಗ ಇದು ನೂರಾರು ಪಟ್ಟು ಏರುತ್ತದೆ. ಥೈರಾಯ್ಡ್ ತೆಗೆದುಹಾಕಿದವರಲ್ಲೂ ಏರುತ್ತದೆ. ಅಂದರೆ ಸೋಂಕಿನ ಹೊತ್ತಿನಲ್ಲಿ ಮೈಯ ಬೇರೆ ಬೇರೆ ಅಂಗಗಳೆಲ್ಲ ಇದನ್ನು ತಯಾರಿಸಲು ಶುರು ಮಾಡುತ್ತವೆ. ವೈರಸ್ ಸೋಂಕಿನಲ್ಲಿ ಅಷ್ಟಾಗಿ ಏರುವುದಿಲ್ಲ. ಸಿಆರ್‌ಪಿಗಿಂತ ಬೇಗ ಏರುತ್ತದೆ, ಔಷಧಿ ಹಿಡಿದರೆ ದಿನಕ್ಕೆ ಸುಮಾರು ಅರ್ಧದ ಲೆಕ್ಕದಲ್ಲಿ ಇಳಿಯುತ್ತದೆ. ಆದರೆ ದುಬಾರಿ. ಸಿಆರ್‌ಪಿ ಕೆಲವು ನೂರು ರೂಪಾಯಿಯಲ್ಲಿ ಮುಗಿದರೆ ಇದಕ್ಕೆ ಸಾವಿರ ದಾಟುತ್ತದೆ.

ಆ ದುಡ್ಡಿಗೆ ಏನು ಸಿಗುತ್ತದೆ? ಇದರಲ್ಲಿ ನನಗೆ ಸ್ಪಷ್ಟ ಅಭಿಪ್ರಾಯ ಇದೆ. ಆಂಟಿಬಯೋಟಿಕ್ ಶುರು ಮಾಡಲೋ ಬೇಡವೋ ಅಂತ ತೀರ್ಮಾನಿಸಲು ಪ್ರೊಕ್ಯಾಲ್ಸಿಟೋನಿನ್ ಕಾಯುತ್ತಾ ಕೂರಬಾರದು. ಅಮೆರಿಕದ ತಜ್ಞ ಸಂಘಗಳ 2016ರ ಮಾರ್ಗಸೂಚಿಯೂ ಹಾಗೇ ಹೇಳುತ್ತದೆ: ಶುರು ಮಾಡುವುದಕ್ಕೆ ರೋಗಿಯ ಲಕ್ಷಣ ನೋಡಿ, ನಿಲ್ಲಿಸುವುದಕ್ಕೆ ಬೇಕಾದರೆ ಪ್ರೊಕ್ಯಾಲ್ಸಿಟೋನಿನ್‌ ಸಹಾಯ ಪಡೆಯಿರಿ. ನಿಲ್ಲಿಸುವ ವಿಷಯದಲ್ಲಿ ಇದು ನಿಜಕ್ಕೂ ಕೆಲಸಕ್ಕೆ ಬರುತ್ತದೆ. 2010ರಲ್ಲಿ ಫ್ರಾನ್ಸಿನ ಐಸಿಯುಗಳಲ್ಲಿ ಪ್ರೊರಾಟಾ ಎಂಬ ದೊಡ್ಡ ಅಧ್ಯಯನದ ಫಲಿತಾಂಶ ಬಂತು. 621 ರೋಗಿಗಳು. ಒಂದು ಗುಂಪಿನವರಲ್ಲಿ ಅಂಕೆ 0.5ಕ್ಕಿಂತ ಕೆಳಗಿಳಿದರೆ, ಅಥವಾ ತುದಿಯಿಂದ 80 ಪರ್ಸೆಂಟ್ ಇಳಿದರೆ ಔಷಧಿ ನಿಲ್ಲಿಸಲು ಹೇಳಿದರು. ಆ ಗುಂಪಿನವರು 28 ದಿನಗಳಲ್ಲಿ ಸರಾಸರಿ 14.3 ದಿನ ಆಂಟಿಬಯೋಟಿಕ್ ಇಲ್ಲದೆ ಇದ್ದರು. ಮಾಮೂಲಿ ಗುಂಪಿನವರು 11.6 ದಿನ. ಚನ್ನಗಿರಿಯ ಹಿರಿಯರದ್ದು 4.6ರಿಂದ 0.7 ಅಂದರೆ 80 ಪರ್ಸೆಂಟ್‌ಗಿಂತ ಜಾಸ್ತಿ ಇಳಿತ. ಅವರಿಗೆ ಏಳು ದಿನಕ್ಕೆ ಔಷಧಿ ನಿಲ್ಲಿಸಿದರು. ಕೋಲು ಹಿಡಿದು ನಡೆಯುತ್ತಾ ಮನೆಗೆ ಹೋದರಂತೆ, ವಾರ್ಡಿನ ಸಿಸ್ಟರ್ ಹೇಳಿದರು.

ಇತ್ತೀಚೆಗೆ ಬ್ರಿಟನ್ನಿನ 41 ಆಸ್ಪತ್ರೆಗಳ ಐಸಿಯುಗಳಲ್ಲಿ 2,760 ರೋಗಿಗಳ ಮೇಲೆ ನಡೆದ ಅಡಾಪ್ಟ್-ಸೆಪ್ಸಿಸ್ ಅಧ್ಯಯನವೂ ಇದನ್ನು ಮತ್ತೆ ತೋರಿಸಿತು. ಪ್ರೊಕ್ಯಾಲ್ಸಿಟೋನಿನ್ ದಿನಾ ನೋಡಿದವರಲ್ಲಿ ಆಂಟಿಬಯೋಟಿಕ್ ಸರಾಸರಿ 10.7 ದಿನದಿಂದ 9.8 ದಿನಕ್ಕೆ ಇಳಿಯಿತು, ಸಾವು ಹೆಚ್ಚಾಗಲಿಲ್ಲ. ಸಿಆರ್‌ಪಿ ನೋಡಿದವರಲ್ಲಿ ಔಷಧಿಯ ದಿನಗಳು ಕಡಿಮೆ ಆಗಲಿಲ್ಲ. ಒಂದು ದಿನಕ್ಕೂ ಕಡಿಮೆ ಉಳಿತಾಯ ಅಂತ ಅನ್ನಿಸಬಹುದು. ಆದರೆ ಔಷಧಿಗೆ ಬಗ್ಗದ ಕ್ರಿಮಿಗಳು ತುಂಬಿರುವ ಐಸಿಯುನಲ್ಲಿ, ಅಷ್ಟೂ ರೋಗಿಗಳಿಗೆ ಒಂದೊಂದು ದಿನ ಕಡಿಮೆಯಾದರೆ ಅದು ದೊಡ್ಡದೇ ಅಲ್ವಾ?

ಈಗ ಎರಡನೇ ರೋಗಿಯ ವಿಷಯ. ಇದನ್ನು ಬರೆಯುವುದು ಕಷ್ಟ, ಆದರೆ ಬರೆಯದಿದ್ದರೆ ಮಾತು ಅರ್ಧ ಆಗುತ್ತದೆ. ಲಕ್ವ ಹೊಡೆದು ವೆಂಟಿಲೇಟರಿನಲ್ಲಿದ್ದ ಐವತ್ತರ ಆಸುಪಾಸಿನವರು. ನ್ಯೂಮೋನಿಯಾ ಶುರುವಾದ ದಿನ ಸಿಆರ್‌ಪಿ 160. ಅಂದರೆ ಮೊದಲನೆಯವರಿಗಿಂತ ಕಡಿಮೆ. ನಾಲ್ಕನೇ ದಿನ 151. ಇಳಿದಿದೆ ಅಂತ ಅನ್ನಿಸುತ್ತದೆ, ಆದರೆ ಭಾಗಿಸಿದರೆ 0.94. ಅದೇ ಬೆಳಗಿನ ಟ್ರೇಯಲ್ಲಿ ಅವರ ಬೇರೆ ಟ್ಯೂಬುಗಳೂ ಇದ್ದವು. ಪ್ಲೇಟ್‌ಲೆಟ್ 2.1 ಲಕ್ಷದಿಂದ 94 ಸಾವಿರಕ್ಕೆ ಬಿದ್ದಿತ್ತು. ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ 1.1ರಿಂದ 2.3ಕ್ಕೆ ಏರಿತ್ತು. ಅಂಗಗಳಿಗೆ ಆಕ್ಸಿಜನ್ ಸಾಲದಾಗ ಏರುವ ಲ್ಯಾಕ್ಟೇಟ್ 4 ದಾಟಿತ್ತು. ನಾನು ಫೋನ್ ಮಾಡಿ ಡ್ಯೂಟಿ ಡಾಕ್ಟರಿಗೆ ಎಲ್ಲ ಓದಿ ಹೇಳಿದೆ. ಅವತ್ತು ಮಧ್ಯಾಹ್ನ ಮೈಕ್ರೋಬಯಾಲಜಿಯಿಂದ ಕಲ್ಚರ್ ಬಂತು. ಅಸಿನೆಟೊಬ್ಯಾಕ್ಟರ್, ಕೊಡುತ್ತಿದ್ದ ಔಷಧಿಗೆ ಬಗ್ಗದ್ದು. ಔಷಧಿ ಬದಲಾಯಿಸಿದರು, ಡಯಾಲಿಸಿಸ್ ಮಾಡಿದರು. ಅವರು ಉಳಿಯಲಿಲ್ಲ.

ಅವರಲ್ಲಿ ನಿಜವಾದ ಸುದ್ದಿ ತಂದದ್ದು ಯಾವ ಹೊಸ ಬಯೋಮಾರ್ಕರೂ, ಅಂದರೆ ರೋಗದ ಸುಳಿವು ಕೊಡುವ ರಕ್ತದ ಅಂಶವೂ, ಅಲ್ಲ. ಪ್ಲೇಟ್‌ಲೆಟ್, ಕ್ರಿಯಾಟಿನಿನ್. ತಾಲ್ಲೂಕು ಆಸ್ಪತ್ರೆಯಲ್ಲೂ ಆಗುವ ಹಳೆಯ, ಅಗ್ಗದ ಪರೀಕ್ಷೆಗಳು. ಐಸಿಯುನಲ್ಲಿ ರೋಗಿಯ ಸ್ಥಿತಿ ಅಳೆಯಲು 1996ರಿಂದ ಬಳಕೆಯಲ್ಲಿರುವ ಸೋಫಾ ಸ್ಕೋರ್ ಅಂತ ಇದೆ. ಅದರಲ್ಲಿ ಆರು ಅಂಶಗಳು. ಪ್ಲೇಟ್‌ಲೆಟ್, ಬಿಲಿರುಬಿನ್ (ಲಿವರಿನ ಗುರುತು), ಕ್ರಿಯಾಟಿನಿನ್, ರಕ್ತದ ಆಕ್ಸಿಜನ್: ನಾಲ್ಕು ಬರುವುದು ರಕ್ತದಿಂದಲೇ. ಸಿಆರ್‌ಪಿ, ಪ್ರೊಕ್ಯಾಲ್ಸಿಟೋನಿನ್ ಹೇಳುವುದು ಸೋಂಕಿನ ಕಾವು ಎಷ್ಟು ಅಂತ. ಇವು ಹೇಳುವುದು ಆ ಕಾವಿಗೆ ಯಾವ ಅಂಗ ಸೋಲುತ್ತಿದೆ ಅಂತ. ಯಾರು ಉಳಿಯುತ್ತಾರೆ ಅನ್ನುವ ಪ್ರಶ್ನೆಗೆ ಎರಡನೆಯದೇ ಹತ್ತಿರದ ಉತ್ತರ ಅಂತ ನನ್ನ ನಂಬಿಕೆ.

ಸಿಬಿಸಿಯಲ್ಲೇ, ಅಂದರೆ ರಕ್ತಕಣಗಳನ್ನು ಎಣಿಸುವ ಮಾಮೂಲಿ ಪರೀಕ್ಷೆಯಲ್ಲೇ, ಇನ್ನೊಂದು ಅಂಕೆ ಅಡಗಿದೆ. ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಗೆಯ ಪರ್ಸೆಂಟನ್ನು ಲಿಂಫೋಸೈಟ್ ಎಂಬ ಬಗೆಯ ಪರ್ಸೆಂಟಿನಿಂದ ಭಾಗಿಸಿ. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಒಂದರಿಂದ ಮೂರರ ಒಳಗೆ ಇರುತ್ತದೆ. 88 ಮತ್ತು 6 ಇದ್ದರೆ ಹದಿನಾಲ್ಕು ದಾಟಿತು. ಒಂದು ಪೈಸೆ ಹೆಚ್ಚಿಗೆ ಖರ್ಚಿಲ್ಲ. ಮೈಗೆ ಎಷ್ಟು ಒತ್ತಡ ಬಿದ್ದಿದೆ ಅಂತ ಅಂದಾಜು ಸಿಗುತ್ತದೆ. ಸ್ಟೀರಾಯ್ಡ್ ಕೊಡುತ್ತಿದ್ದರೆ ಮಾತ್ರ ಇದನ್ನು ನಂಬಬೇಡಿ, ಅದೊಂದೇ ಈ ಅನುಪಾತವನ್ನು ಏರಿಸಿಬಿಡುತ್ತದೆ. ಅಲ್ಬುಮಿನ್ ಕೂಡ ನೋಡುತ್ತಾರೆ. ಕಡಿಮೆ ಇದ್ದರೆ ಒಳ್ಳೆಯ ಲಕ್ಷಣ ಅಲ್ಲ. ಆದರೆ ಅದು ನಿಧಾನ ಏರುವ ಪ್ರೋಟೀನ್, ನಾಲ್ಕು ದಿನದಲ್ಲಿ ಸುಧಾರಣೆ ತೋರಿಸುವುದಿಲ್ಲ. ಪ್ರೊ-ಅಡ್ರಿನೊಮೆಡುಲಿನ್, ಪ್ರೆಸೆಪ್ಸಿನ್, ಸೂಪಾರ್ ಅಂತ ಹೊಸ ಹೆಸರುಗಳು ಪತ್ರಿಕೆಗಳಲ್ಲಿ ಬರುತ್ತಿವೆ. ನಮ್ಮ ಲ್ಯಾಬಿನಲ್ಲಿ ಅವು ಇಲ್ಲ.

ಅಂಕೆ ಸುಳ್ಳು ಹೇಳುವ ಸಂದರ್ಭಗಳೂ ಇವೆ. ಲಿವರ್ ಪೂರ್ತಿ ಕೆಟ್ಟವರಲ್ಲಿ ಸೋಂಕು ಜೋರಾಗಿದ್ದರೂ ಸಿಆರ್‌ಪಿ ಏರದೇ ಇರಬಹುದು, ಯಾಕೆಂದರೆ ತಯಾರಿಸುವ ಅಂಗವೇ ಸೋತಿದೆ. ಕೋವಿಡ್ ಎರಡನೇ ಅಲೆಯಲ್ಲಿ ಟೊಸಿಲಿಝುಮ್ಯಾಬ್ ಇಂಜೆಕ್ಷನ್ ಕೊಟ್ಟವರ ಸಿಆರ್‌ಪಿ ಧಡಕ್ಕನೆ ಇಳಿಯುತ್ತಿತ್ತು. ಸಿಆರ್‌ಪಿ ತಯಾರಿಸಲು ಲಿವರಿಗೆ ಬರುವ ಇಂಟರ್‌ಲ್ಯೂಕಿನ್-6ರ ಸಂದೇಶವನ್ನೇ ಆ ಔಷಧಿ ತಡೆಯುತ್ತದೆ. ಅಂಥವರಲ್ಲಿ ಆಮೇಲೆ ಆಸ್ಪತ್ರೆಯ ನ್ಯೂಮೋನಿಯಾ ಸೇರಿಕೊಂಡರೂ ಸಿಆರ್‌ಪಿ ಸುಮ್ಮನಿರುತ್ತಿತ್ತು. ಪ್ರೊಕ್ಯಾಲ್ಸಿಟೋನಿನ್ ಕೂಡ ಕಿಡ್ನಿ ಕೆಟ್ಟವರಲ್ಲಿ, ದೊಡ್ಡ ಆಪರೇಷನ್ ಆದವರಲ್ಲಿ, ಸುಟ್ಟ ಗಾಯದವರಲ್ಲಿ ಸೋಂಕಿಲ್ಲದೆಯೂ ಏರಿರಬಹುದು.

ಲ್ಯಾಬಿನವಳಾಗಿ ನನ್ನ ಎದೆಗೆ ಹತ್ತಿರದ ಇನ್ನೊಂದು ವಿಷಯ, ಸ್ಯಾಂಪಲ್ ತೆಗೆಯುವ ರೀತಿ. ಡ್ರಿಪ್ ಹೋಗುತ್ತಿರುವ ಕೈಯಿಂದಲೇ ರಕ್ತ ಎಳೆದರೆ ಅದಕ್ಕೆ ಸಲೈನ್ ಬೆರೆಯುತ್ತದೆ. ಆಗ ಸಿಆರ್‌ಪಿ, ಅಲ್ಬುಮಿನ್, ಕ್ರಿಯಾಟಿನಿನ್, ಹಿಮೋಗ್ಲೋಬಿನ್ ಎಲ್ಲ ಒಟ್ಟಿಗೆ ಇಳಿಯುತ್ತವೆ. ರೋಗಿ ಸುಧಾರಿಸಿದ ಹಾಗೇ ಕಾಣುತ್ತದೆ! ಹಾಗೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಇಳಿದು ಕ್ಲೋರೈಡ್ ಮಾತ್ರ ಏರಿದ್ದು ಕಂಡರೆ ನಾನು ರಿಪೋರ್ಟ್ ಬಿಡುವುದಿಲ್ಲ. ಇನ್ನೊಂದು ಕೈಯಿಂದ ಮತ್ತೆ ತೆಗೆದು ಕಳಿಸಿ ಅನ್ನುತ್ತೇನೆ. ಲ್ಯಾಕ್ಟೇಟ್ ಇನ್ನೂ ಸೂಕ್ಷ್ಮ. ಬೂದು ಮುಚ್ಚಳದ ಟ್ಯೂಬಿನಲ್ಲಿ ತೆಗೆದು ಬೇಗ ತಲುಪಿಸಬೇಕು. ಬೇರೆ ಟ್ಯೂಬಿನಲ್ಲಿ ಹಾಕಿ ವಾರ್ಡಿನ ಮೇಜಿನ ಮೇಲೆ ಬಿಟ್ಟರೆ ರಕ್ತಕಣಗಳೇ ಸಕ್ಕರೆ ತಿಂದು ಲ್ಯಾಕ್ಟೇಟ್ ತಯಾರಿಸುತ್ತಾ ಹೋಗುತ್ತವೆ. ರೋಗಿಯಲ್ಲಿ ಇಲ್ಲದ ಗಾಬರಿ ರಿಪೋರ್ಟಿನಲ್ಲಿ ಬರುತ್ತದೆ.

ಅಂಕೆ ಸರಿ ಇದ್ದರೂ ಅದರ ಮೇಲೆ ಯಾರೂ ನಡೆದುಕೊಳ್ಳದಿದ್ದರೆ ಪ್ರಯೋಜನ ಇಲ್ಲ. ಬ್ರಿಟನ್ನಿನಲ್ಲೇ ವ್ಯಾಪ್‌ರಾಪಿಡ್-2 ಎಂಬ ಅಧ್ಯಯನ ನಡೆಯಿತು. 2020ರಲ್ಲಿ ಪ್ರಕಟವಾಯಿತು. ಅಲ್ಲಿ ರಕ್ತ ಅಲ್ಲ, ಶ್ವಾಸಕೋಶ ತೊಳೆದು ತೆಗೆದ ದ್ರವದಲ್ಲಿ ಎರಡು ಮಾರ್ಕರ್ ನೋಡಿ, ನ್ಯೂಮೋನಿಯಾ ಇಲ್ಲ ಅಂತ ಬೇಗ ಹೇಳುವ ಪ್ರಯತ್ನ. ಆದರೂ ಆಂಟಿಬಯೋಟಿಕ್ ಬಳಕೆ ಕಡಿಮೆ ಆಗಲಿಲ್ಲ. ಐಸಿಯುನಲ್ಲಿ ರೋಗಿ ಕಣ್ಣೆದುರಿಗೆ ಮಲಗಿರುವಾಗ ಒಂದು ಅಂಕೆ ನಂಬಿ ಔಷಧಿ ನಿಲ್ಲಿಸಲು ಯಾವ ಡಾಕ್ಟರಿಗಾದರೂ ಧೈರ್ಯ ಬೇಕು. ಅದು ನನಗೆ ಅರ್ಥವಾಗುತ್ತದೆ.

ಮನೆಯವರಿಗೆ ಕೆಲವು ಮಾತು. ರಿಪೋರ್ಟ್‌ಗಳನ್ನು ತಾರೀಖಿನ ಪ್ರಕಾರ ಒಂದು ಫೈಲಿನಲ್ಲಿ ಜೋಡಿಸಿ. ಬೇರೆ ಆಸ್ಪತ್ರೆಗೆ ಕರೆದೊಯ್ಯುವಾಗ ಹಳೆಯದನ್ನೂ ಒಯ್ಯಿರಿ. ಹೊಸ ಡಾಕ್ಟರಿಗೆ ಮೊದಲ ದಿನದ ಅಂಕೆ ಸಿಗದಿದ್ದರೆ ನಾಲ್ಕನೇ ದಿನದ್ದನ್ನು ಯಾವುದಕ್ಕೆ ಹೋಲಿಸುವುದು? ಅಂಕೆಯ ಪಕ್ಕದ ಯೂನಿಟ್ ನೋಡಿ. ಕೆಲವು ಲ್ಯಾಬುಗಳು ಸಿಆರ್‌ಪಿಯನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಕೊಡುತ್ತವೆ, ಕೆಲವು ಡೆಸಿಲೀಟರಿಗೆ ಇಷ್ಟು ಅಂತ. ಹತ್ತು ಪಟ್ಟು ವ್ಯತ್ಯಾಸ. ಒಂದು ಕಡೆಯ 15 ಇನ್ನೊಂದು ಕಡೆ 150. ನಿನ್ನೆ 15 ಇದ್ದದ್ದು ಇವತ್ತು 140 ಆಗಿದೆ ಅಂತ ಅಳುತ್ತಾ ಬಂದವರಿಗೆ, ಅಮ್ಮಾ, ಇದು ಏರಿಲ್ಲ, ಸ್ವಲ್ಪ ಇಳಿದಿದೆ ಅಂತ ಯೂನಿಟ್ ತೋರಿಸಿದ್ದೇನೆ. ಡಾಕ್ಟರ ಹತ್ತಿರ ಸಿಆರ್‌ಪಿ ಎಷ್ಟು ಅಂತ ಕೇಳುವ ಬದಲು, ಔಷಧಿ ಶುರು ಮಾಡಿದ ದಿನಕ್ಕೂ ಇವತ್ತಿಗೂ ಏನು ವ್ಯತ್ಯಾಸ, ಕಿಡ್ನಿ ಹೇಗಿದೆ, ಆಕ್ಸಿಜನ್ ಎಷ್ಟು ಬೇಕಾಗುತ್ತಿದೆ ಅಂತ ಕೇಳಿ.

ಚಿಕ್ಕ ಆಸ್ಪತ್ರೆಗಳ ಡಾಕ್ಟರುಗಳು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಕೋರಿಕೆ. ಪ್ರೊಕ್ಯಾಲ್ಸಿಟೋನಿನ್ ಸಿಗದಿದ್ದರೂ ಪರವಾಗಿಲ್ಲ. ಆಂಟಿಬಯೋಟಿಕ್‌ನ ಮೊದಲ ಡೋಸಿನ ದಿನ ಸಿಆರ್‌ಪಿ, ಸಿಬಿಸಿ, ಕ್ರಿಯಾಟಿನಿನ್ ಕಳಿಸಿ. ನಾಲ್ಕನೇ ದಿನ ಅವೇ ಮೂರನ್ನು, ಅದೇ ಲ್ಯಾಬಿಗೆ ಮತ್ತೆ ಕಳಿಸಿ. ಬಹಳ ಸಲ ಮೊದಲ ದಿನ ಪಟ್ಟಿ ತುಂಬ ಪರೀಕ್ಷೆ ಬರುತ್ತವೆ, ನಾಲ್ಕನೇ ದಿನ ಏನೂ ಬರುವುದಿಲ್ಲ. ಪೊವೊವಾ ಅವರ 0.8 ಗೆರೆ 47 ರೋಗಿಗಳ ಮೇಲೆ ನಿಂತದ್ದು, ಅದೂ ಪೋರ್ಚುಗಲ್ಲಿನಲ್ಲಿ. ನಮ್ಮ ಕ್ರಿಮಿಗಳು ಬೇರೆ, ನಮ್ಮ ರೋಗಿಗಳು ಆಸ್ಪತ್ರೆಗೆ ತಲುಪುವ ಹೊತ್ತು ಬೇರೆ. ನಮ್ಮ ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜುಗಳ ರೋಗಿಗಳಲ್ಲಿ ಆ ಗೆರೆ ಎಲ್ಲಿ ಬೀಳುತ್ತದೆ ಅಂತ ನಾವೇ ಅಳೆದು ನೋಡಬೇಕು. ಅದಕ್ಕೆ ಹೊಸ ಮೆಷಿನ್ ಬೇಡ. ನಾಲ್ಕನೇ ದಿನದ ಟ್ಯೂಬು ತಪ್ಪದೆ ಬಂದರೆ ಸಾಕು, ಉಳಿದ ಲೆಕ್ಕ ಇಟ್ಟುಕೊಡಲು ನಾವು ಲ್ಯಾಬಿನವರು ತಯಾರಿದ್ದೇವೆ.